ಹೇಳಿ ಕೈಕೊಡುವ ಗಾಡಿ

ಇವತ್ತು ಬೆಳಿಗ್ಗೆ ಅಡುಗೆಮನೆಯ ಕಿಟಕಿ ತೆರೆದಾಗ ಕಾಫಿಗಿಂತ ಮುಂಚೆ ಹೊಗೆಯ ವಾಸನೆ ಬಂತು. ರಾತ್ರಿಯೆಲ್ಲ ತಣ್ಣಗೆ ನಿಂತಿದ್ದ ಡೀಸೆಲ್ ಎಂಜಿನ್ ಬೆಳಿಗ್ಗೆ ಮೊದಲ ಸಲ ಎದ್ದಾಗ ಒಂದು ಬಿಳಿ ಹೊಗೆ ಬಿಡುತ್ತದೆ. ರಸ್ತೆಯಲ್ಲಿ ಮುಖಕ್ಕೆ ಬಡಿಯುವ ಕಪ್ಪು ಹೊಗೆಯಲ್ಲ ಅದು. ಅದರಲ್ಲಿ ಸ್ವಲ್ಪ ಸೀಮೆಎಣ್ಣೆ, ಸ್ವಲ್ಪ ಒದ್ದೆ ಗೋಣಿಚೀಲ, ಸ್ವಲ್ಪ ಹಳೆಯ ಕಬ್ಬಿಣ. ಹೇಳಿದರೆ ಜನ ನಕ್ಕಾರು, ನನಗೆ ಆ ವಾಸನೆ ಬಹಳ ಇಷ್ಟ. ನಿಧಾನವಾಗಿ ಮೂರನೇ ಮಹಡಿಗೆ ಏರಿ ಬಂದು, ಕಟ್ಟಿಟ್ಟ ರಟ್ಟಿನ ಡಬ್ಬಗಳ ನಡುವೆ ನಿಂತಿದ್ದ ನನ್ನನ್ನು ಅದು ಹುಡುಕಿಕೊಂಡಿತು...

ವಡಾಲದ ನಮ್ಮ ಬಿಲ್ಡಿಂಗ್ ರೀಡೆವಲಪ್‌ಮೆಂಟ್‌ಗೆ ಹೋಗಿದೆ, ಕೆಡವಿ ಹೊಸದು ಕಟ್ಟುತ್ತಾರೆ. ಎಲ್ಲರೂ ಖಾಲಿ ಮಾಡುತ್ತಿದ್ದಾರೆ. ನನ್ನ ಸಾಮಾನು ಪವಾಯಿಗೆ, ಮಗಳ ಮನೆಗೆ. ಅದನ್ನು ಒಯ್ಯಬೇಕಾದ ಪಿಕಪ್ ನಿನ್ನೆ ಸಂಜೆಯೇ ಬಂದು ಕಾಂಪೌಂಡಿನಲ್ಲಿ ನಿಂತಿತ್ತು. ಅದು ನನ್ನ ಮೈದುನನ ಗಾಡಿ. ಆಗಿತ್ತು, ಎನ್ನಬೇಕು. ಈ ಪಾಸ್ಟ್ ಟೆನ್ಸ್ ನನಗಿನ್ನೂ ಒಗ್ಗಿಲ್ಲ.

ನಾನು ಮದುವೆಯಾಗಿ ಬೆಂಗಳೂರಿನಿಂದ ಈ ಮನೆಗೆ ಬಂದಾಗ ಅವನಿನ್ನೂ ಸ್ಕೂಲಿಗೆ ಹೋಗುತ್ತಿದ್ದ. ಅತ್ತೆ ತೀರಿಕೊಂಡ ಮೇಲೆ ಮೈಸೂರಿನಿಂದ ಅಣ್ಣನ ಮನೆಗೆ ಬಂದವನು. ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ಹೇಳದೆ ಕೇಳದೆ ಎದ್ದು ಹೋಗಿಬಿಟ್ಟ. ನನಗೆ ಆಗ ಹಿಂದಿ ಬರುತ್ತಿರಲಿಲ್ಲ, ಊರು ಗೊತ್ತಿರಲಿಲ್ಲ. ಕಂಡಕಂಡವರನ್ನು ಇಂಗ್ಲಿಷಿನಲ್ಲಿ ಕೇಳಿಕೊಂಡು ಮಾಟುಂಗದ ತನಕ ಹುಡುಕಿದೆ. ಕೊನೆಗೆ ನೋಡಿದರೆ ಬಂದರಿನ ಕಡೆ ಹೋಗುವ ರಸ್ತೆಯ ಕಟ್ಟೆಯ ಮೇಲೆ ಕೂತು ಲಾರಿಗಳನ್ನು ನೋಡುತ್ತಿದ್ದ. ನಾನು ಬೈಯಲಿಲ್ಲ. ನನ್ನ ಕಾನ್ವೆಂಟಿನ ಸಿಸ್ಟರ್‌ಗಳ ಧಾಟಿಯಲ್ಲಿ ಒಂದು ರೂಲ್ ಹೇಳಿದೆ: "ಎಲ್ಲಿಗೆ ಬೇಕಾದರೂ ಹೋಗು. ಆದರೆ ಹೇಳಿ ಹೋಗು." ಅವನಿಂದ ನಾನು ಕೇಳಿದ್ದು ಅದೊಂದೇ. ಅಂದಿನಿಂದ ಮನೆಗೆ ಬರುವಾಗಲೆಲ್ಲ ಬಾಗಿಲಲ್ಲಿ ನಿಂತು, ಸ್ಕೂಲಿಗೆ ತಡವಾಗಿ ಬಂದವನು ಚೀಟಿ ಕೇಳುವಂತೆ, "ಲೇಟ್ ಪಾಸ್ ಪ್ಲೀಸ್, ಸಿಸ್ಟರ್" ಎಂದು ಕೈ ಚಾಚುತ್ತಿದ್ದ. ತಲೆ ನರೆತ ಮೇಲೂ ಬಿಡಲಿಲ್ಲ.

ದೊಡ್ಡವನಾಗಿ ಭಾಂಡುಪ್‌ನ ಒಂದು ಫ್ಯಾಕ್ಟರಿಯಲ್ಲಿ ಸೇಲ್ಸ್ ಕೆಲಸಕ್ಕೆ ಸೇರಿದ. ಟೈ ಕಟ್ಟಿಕೊಂಡು ಹೋಗುವ ಕೆಲಸ. ಆ ಫ್ಯಾಕ್ಟರಿ ಮುಚ್ಚಿದಾಗ ನಮ್ಮವರು ತಮ್ಮನಿಗೆ ಇನ್ನೊಂದು ಟೈ ಕೆಲಸ ಹುಡುಕುತ್ತಿದ್ದರೆ, ಇವನು ಟೈ ಬಿಚ್ಚಿಟ್ಟು ಸೆಕೆಂಡ್ ಹ್ಯಾಂಡ್ ಪಿಕಪ್ ಒಂದನ್ನು ತಂದು ಕಾಂಪೌಂಡಿನಲ್ಲಿ ನಿಲ್ಲಿಸಿದ. ಟನ್‌ಗಟ್ಟಲೆ ಹೊರುವ ಜಾತಿಯದು. ಟೈಲ್ಸ್, ಐಸು, ಮಾರ್ಬಲ್, ಈರುಳ್ಳಿ, ಏನು ಹೇರಿದರೂ ಸೈ. ಕೆಲವು ವರ್ಷದ ಮೇಲೆ ಬೇರೆ ಕಂಪನಿಯ ಹೊಸ ಮಾದರಿಯ ಇನ್ನೊಂದನ್ನು ಕೊಂಡ. ಎರಡನ್ನೂ ಒಂದೇ ಕೆಲಸಕ್ಕೆ, ಒಂದೇ ರಸ್ತೆಗೆ, ಒಂದೇ ಭಾರಕ್ಕೆ ಹಚ್ಚಿದ. ಯಾವುದು ಬಾಳಿಕೆ ಬರುತ್ತದೆ ಎಂದು ನೋಡಿಯೇ ಬಿಡುತ್ತೇನೆ ಎಂದು ಅಣ್ಣನ ಜೊತೆ ಪಂಥ. ಮದುವೆ ಆಗಲಿಲ್ಲ. ನಾನು ಮಾತೆತ್ತಿದರೆ ಕಿಟಕಿಯಿಂದ ಕೆಳಗೆ ತೋರಿಸಿ, "ಎರಡು ಸಾಲದಾ ಅತ್ತಿಗೆ?" ಎನ್ನುವನು.

ಹೆಸರಿಟ್ಟದ್ದು ನಾನು. ಹಳೆಯದು ಮದರ್ ಸುಪೀರಿಯರ್, ಹೊಸದು ಹೆಡ್ ಗರ್ಲ್. ಮದರ್ ಸುಪೀರಿಯರ್ ಗಡಗಡ ಎನ್ನುವಳು, ಹೊಗೆಯುಗುಳುವಳು, ಸ್ಟೀರಿಂಗ್ ತಿರುಗಿಸಿದರೆ ರಟ್ಟೆ ನೋವು ಬರಿಸುವಳು, ಡೀಸೆಲ್ ಕುಡಿಯುವುದೂ ಹೆಚ್ಚು. ಹೆಡ್ ಗರ್ಲ್ ತುಂಬು ಭಾರ ಹೊತ್ತು ಠಾಣೆ ಊರಿನ ಕಡೆಯ ಏರು ಹತ್ತಿದರೂ ಬರಿಗೈಯಲ್ಲಿ ನಡೆದವಳಂತೆ ಸದ್ದಿಲ್ಲ, ಗದ್ದಲವಿಲ್ಲ. ಅವಳ ಒಳಗೆ ಕಂಪ್ಯೂಟರ್ ಇತ್ತು. ನಮ್ಮವರು ಮ್ಯಾಗಜಿನ್ ತಂದು ಊಟದ ಟೇಬಲ್ಲಿನಲ್ಲಿ ಓದುತ್ತಿದ್ದರು. ಮೈಲೇಜಿಗೆ ಇಷ್ಟು ಸ್ಟಾರು, ಕಂಫರ್ಟಿಗೆ ಇಷ್ಟು ಸ್ಟಾರು.

"ಅಣ್ಣಾ, ಇದೆಲ್ಲ ಹನಿಮೂನ್ ರಿಪೋರ್ಟು" ಎಂದು ಇವನು ಅನ್ನಕ್ಕೆ ಸಾರು ಬಡಿಸಿಕೊಳ್ಳುತ್ತ ಹೇಳುವನು. "ಷೋರೂಮಿಂದ ಬಂದ ಮೊದಲ ವರ್ಷ ಯಾವ ಗಾಡಿ ಕೆಟ್ಟದ್ದು? ಹತ್ತು ಮಳೆಗಾಲ ಆಗಲಿ, ಆಮೇಲೆ ಸ್ಟಾರ್ ಕೊಡು."

"ನಿನ್ನ ಅತ್ತಿಗೆಗೂ ಹಾಗೇ ಕೊಟ್ಟೆ ಕಣೋ" ಎಂದರು ನಮ್ಮವರು.

"ಕೊಟ್ಟ ಸ್ಟಾರ್ ಕಾಣ್ತಾನೇ ಇಲ್ಲ" ಎಂದೆ ನಾನು.

ಗಾಡಿಯ ವಯಸ್ಸನ್ನು ಅವನು ವರ್ಷದಲ್ಲಿ ಹೇಳುತ್ತಲೇ ಇರಲಿಲ್ಲ. ಎಷ್ಟು ಮಳೆಗಾಲ ಕಂಡಿದೆ, ಅದೇ ಲೆಕ್ಕ. ಈ ಊರಿನ ಉಪ್ಪುಗಾಳಿ ಚಾಸಿಯನ್ನು ಕೆಳಗಿನಿಂದ ತಿನ್ನುತ್ತದೆ, ಟ್ರಾಫಿಕ್ ಕ್ಲಚ್ಚನ್ನು ತಿನ್ನುತ್ತದೆ, ನಿಂತ ನೀರು ವೈರುಗಳನ್ನು ತಿನ್ನುತ್ತದೆ. ಎಂಜಿನ್ ಚೆನ್ನಾಗಿದ್ದ ಮಾತ್ರಕ್ಕೆ ಗಾಡಿ ಚೆನ್ನಾಗಿದೆ ಎಂದಲ್ಲ ಎನ್ನುತ್ತಿದ್ದ. ಒಂದು ಮಳೆಗಾಲದಲ್ಲಿ ಹೆಡ್ ಗರ್ಲ್ ಸೇತುವೆಯೊಂದರ ಕೆಳಗೆ, ಮೊಳಕಾಲು ನೀರಿನಲ್ಲಿ, ಒಂದು ಕೆಮ್ಮೂ ಕೆಮ್ಮದೆ ನಿಂತುಬಿಟ್ಟಳು. ಹಿಂದೆ ತುಂಬಿದ್ದ ಐಸು ಅಲ್ಲೇ ಕರಗಿಹೋಯಿತು. ಲ್ಯಾಪ್‌ಟಾಪ್ ಹಿಡಿದ ಮೆಕ್ಯಾನಿಕ್ ಬಂದು ನೋಡಿದರೆ, ಉಗುರಿನಷ್ಟು ಒಂದು ಪ್ಲಗ್ಗಿನೊಳಗೆ ಉಪ್ಪು ಹಿಡಿದಿತ್ತು. ಎಂಜಿನ್ನಿಗೆ ಒಂದು ಗೀರೂ ಇಲ್ಲ. ಆ ವಾರವೇ ಮದರ್ ಸುಪೀರಿಯರ್ ಕೂಡ ಕೆಟ್ಟಳು. ಆದರೆ ಆಕೆ ಹದಿನೈದು ದಿನದಿಂದ ಏರಿನಲ್ಲಿ ಸಿಳ್ಳೆ ಹಾಕಿ, ಎಣ್ಣೆ ಬೆವರಿ, ಊರಿಗೆಲ್ಲ ಹೇಳಿ ಕೆಟ್ಟಳು. ರಸ್ತೆಬದಿಯವನು ಒಂದು ಸ್ಪ್ಯಾನರ್ ಹಿಡಿದು ರಿಪೇರಿ ಮಾಡಿ ಕಳಿಸಿದ.

ಅವನು ಪಕ್ಷಪಾತಿಯಲ್ಲ, ಐ ಮಸ್ಟ್ ಸೇ. "ಓಡಿದ್ದು, ಹೊತ್ತಿದ್ದು, ಖರ್ಚು, ಎಲ್ಲಾ ನೋಡಿದರೆ ಹೆಡ್ ಗರ್ಲ್‌ಗೇ ಫಸ್ಟ್ ರ್‍ಯಾಂಕ್" ಎಂದು ಆ ಭಾನುವಾರ ಒಪ್ಪಿಕೊಂಡ. "ಆದರೆ ಅತ್ತಿಗೆ, ಎಲ್ಲಾ ಗಾಡೀನೂ ಒಂದಲ್ಲಾ ಒಂದು ದಿನ ಕೈಕೊಡುತ್ತೆ. ಹೇಳಿ ಕೈಕೊಡುತ್ತಾ, ಹೇಳದೆ ಕೈಕೊಡುತ್ತಾ, ನೋಡಬೇಕಾದ್ದು ಅಷ್ಟೇ. ನಂಬಿಕೆ ಅಂದರೆ ಕೆಡದೇ ಇರೋದಲ್ಲ."

ನಾನು ನಕ್ಕು, "ನನ್ನ ರೂಲನ್ನೇ ಗಾಡಿಗೆ ಹಾಕಿದೀಯಲ್ಲೋ" ಎಂದೆ.

ನನ್ನ ಕಿವಿಯ ವಿಷಯ ಅವನಿಗೆ ಗೊತ್ತಾದದ್ದು ಹೀಗೇ ಒಂದು ಭಾನುವಾರ. ಕೆಳಗೆ ಮದರ್ ಸುಪೀರಿಯರ್‌ಳ ಬಾನೆಟ್ ತೆರೆದು, ಎಂಜಿನ್ ಓಡಲು ಬಿಟ್ಟು, ಇಬ್ಬರು ಮೆಕ್ಯಾನಿಕ್‌ಗಳ ಜೊತೆ ತಲೆ ಕೆಡಿಸಿಕೊಂಡಿದ್ದ. ನಾನು ಕಿಟಕಿಯಲ್ಲಿ ಕರಿಬೇವಿನ ಕುಂಡಕ್ಕೆ ನೀರು ಹಾಕುತ್ತ, "ಮೂರನೆಯವಳು ಅರ್ಧ ಬೀಟ್ ಲೇಟು" ಎಂದು ಕೆಳಗೆ ಕೂಗಿದೆ, ಸುಮ್ಮನೆ. ಸ್ಕೂಲಿನ ಕ್ವಾಯರ್‌ನಲ್ಲಿ ನಾನು ಆಲ್ಟೋ, ಅಂದರೆ ಹೆಣ್ಣುದನಿಯ ಕೆಳಗಿನ ಸ್ವರ, ಹಾಡುತ್ತಿದ್ದವಳು. ನಾಲ್ವರು ಸಾಲಾಗಿ ನಿಂತು ಹಾಡುವಾಗ ಯಾರು ಹಿಂದೆ ಬಿದ್ದರು ಎಂದು ಕಣ್ಣು ಮುಚ್ಚಿ ಹೇಳಬೇಕೆಂದು ಸಿಸ್ಟರ್ ನಮಗೆ ಕಲಿಸಿದ್ದರು. ಎಂಜಿನ್ನಿನ ನಾಲ್ಕು ಸಿಲಿಂಡರ್ ನನಗೆ ನಾಲ್ವರು ಹುಡುಗಿಯರಂತೆ ಕೇಳುತ್ತಿತ್ತು, ಅಷ್ಟೇ. ಅವನು ಬಿಚ್ಚಿಸಿ ನೋಡಿದ. ಮೂರನೆಯದರ ಡೀಸೆಲ್ ನಳಿಕೆ ಕಟ್ಟಿಕೊಂಡಿತ್ತು.

ಮುಗಿಯಿತು. ಆಮೇಲೆ ಅವನ ಪರಿಚಯದವರು ಯಾರೇ ಸೆಕೆಂಡ್ ಹ್ಯಾಂಡ್ ಪಿಕಪ್ ಕೊಳ್ಳಲಿ, ಭಾನುವಾರ ಬೆಳಿಗ್ಗೆ ನನ್ನನ್ನು ಕರೆದೊಯ್ಯುತ್ತಿದ್ದ. ವಡಾಲದ ಟ್ರಕ್ ನಿಲ್ಲುವ ಮೈದಾನ, ಭಾಂಡುಪ್‌ನ ಹಳೆಯ ಷೆಡ್ಡುಗಳು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಕೈಯಲ್ಲಿ ಕೊಡೆ, ಕಾಲ ಕೆಳಗೆ ಎಣ್ಣೆ ಕುಡಿದ ಮಣ್ಣು. ಮಾರುವವರು ಮೊದಲು ನಗುತ್ತಿದ್ದರು.

"ಮ್ಯಾಡಮ್ ಕ್ಯಾ ದೇಖೇಂಗೀ?"

"ದೇಖೇಂಗೀ ನಹೀ ಭಾಯ್" ಎಂದು ಇವನು ಗಂಭೀರವಾಗಿ ಹೇಳುವನು. "ಸುನೇಂಗೀ." ನೋಡುವುದಿಲ್ಲ, ಕೇಳುತ್ತಾರೆ.

ಅವನದೊಂದು ಪದ್ಧತಿ ಇತ್ತು. ಮಾತಿಗೆ ಮುಂಚೆ ಹೋಗಿ ಬಾನೆಟ್ ಮೇಲೆ ಅಂಗೈ ಇಡುವನು. ಬೆಚ್ಚಗಿದ್ದರೆ ಒಂದು ಮಾತೂ ಆಡದೆ ನನ್ನನ್ನು ಕರೆದುಕೊಂಡು ಹೊರಟುಬಿಡುವನು. ಗಿರಾಕಿ ಬರುವ ಮೊದಲೇ ಎಂಜಿನ್ ಓಡಿಸಿ ಬಿಸಿ ಮಾಡಿಟ್ಟರೆ ಅದರ ಕಾಯಿಲೆಗಳೆಲ್ಲ ಅಡಗಿಕೊಳ್ಳುತ್ತವಂತೆ. ನಡುಕ ನಿಲ್ಲುತ್ತದೆ, ಹೊಗೆ ತಿಳಿಯಾಗುತ್ತದೆ, ಸ್ವರ ಸರಿಹೋಗುತ್ತದೆ. "ತಣ್ಣಗಿರೋ ಎಂಜಿನ್ನಿಗೆ ಸುಳ್ಳು ಹೇಳೋಕೆ ಬರಲ್ಲ ಅತ್ತಿಗೆ. ಬಿಸಿ ಮಾಡಿ ತೋರಿಸಿದರೆ ಸತ್ತ ಗಾಡೀನೂ ಹಾಡುತ್ತೆ." ತಣ್ಣಗಿದ್ದರೆ ಮಾತ್ರ ನನ್ನ ಕಡೆ ನೋಡಿ ತಲೆಯಾಡಿಸುವನು. ಗಾಡಿ ಎದ್ದ ಆ ಮೊದಲ ನಿಮಿಷ, ಬಿಳಿ ಹೊಗೆಯ ನಡುವೆ ನಾನು ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ. ಆ ಒಂದು ನಿಮಿಷಕ್ಕಾಗಿ ನಾನು ವಾರವೆಲ್ಲ ಕಾಯುತ್ತಿದ್ದೆ ಎಂದರೆ... ಏನು ಮಾಡಲಿ, ನನ್ನ ಸಂಗೀತದ ಬದುಕೆಲ್ಲ ಕೊನೆಗೆ ಅಲ್ಲಿಗೆ ಬಂದು ನಿಂತಿತ್ತು. ಸಂತೋಷವಾಗಿತ್ತು.

ನಮ್ಮವರು ಹೋದ ಮೇಲೆ ಅವನು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಆಗ ಅವನು ಭಾಂಡುಪ್‌ನಲ್ಲಿ, ತನ್ನ ಗಾಡಿ ನಿಲ್ಲಿಸುವ ಷೆಡ್ಡಿನ ಹತ್ತಿರವೇ ಮನೆ ಮಾಡಿಕೊಂಡಿದ್ದ. ಅಲ್ಲಿಂದ ಬರುವನು, ಹಿಂದೆ ಮದರ್ ಸುಪೀರಿಯರ್‌ಳ ಡ್ರೈವರ್ ತರಕಾರಿ ಚೀಲ ಹಿಡಿದುಕೊಂಡು. ವಿಜಯಪುರದ ಕಡೆಯ ಮನುಷ್ಯ ಆತ, ನನಗೆ ಅಮ್ಮಾರ ಎನ್ನುತ್ತಾನೆ. ಬೆಲ್ ಆಗುವುದು, ಬಾಗಿಲು ತೆರೆದರೆ ಲೇಟ್ ಪಾಸಿಗೆ ಚಾಚಿದ ಕೈ. ಷರ್ಟು ಮುದುರಿರುತ್ತಿರಲಿಲ್ಲ, ಹಣೆಯಲ್ಲಿ ಬೆವರಿರುತ್ತಿರಲಿಲ್ಲ. ನಮ್ಮ ಬಿಲ್ಡಿಂಗಿಗೆ ಲಿಫ್ಟ್ ಇಲ್ಲ. ಹಾಲಿನವನು ಕೂಡ ಮೂರನೇ ಮಹಡಿಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಾನೆ. ಪಕ್ಕದ ಮನೆಯವರಿಗೆ ನಾನು ಹೆಮ್ಮೆಯಿಂದ ಹೇಳುತ್ತಿದ್ದೆ: "ನನ್ನ ಮೈದುನನನ್ನು ನೋಡಿ, ಈ ವಯಸ್ಸಿನಲ್ಲಿ ಮೂರು ಮಹಡಿ ಹತ್ತಿ ಬಂದರೂ ಮೇಲುಸಿರು ಬರುವುದಿಲ್ಲ." ಅವನು ಅದನ್ನು ಕೇಳಿ ನಗುತ್ತಿದ್ದ. ಕಾಫಿ ಕುಡಿಯುತ್ತ ಪಾಪದ ಹೆಡ್ ಗರ್ಲ್‌ಳನ್ನು ಬೈಯುತ್ತಿದ್ದ. ಆಕೆಯನ್ನು ಕೊನೆಗೆ ಕುರ್ಲಾದ ಗುಜರಿಗೆ ಕೊಟ್ಟಾಗ ಮಾತ್ರ ಆ ಭಾನುವಾರ ಎರಡು ಸಲ ಕಾಫಿ ಕೇಳಿದ್ದ. "ಚೆನ್ನಾಗೇ ಇದ್ದಳು ಅತ್ತಿಗೆ" ಎಂದ. "ಹೇಳಲಿಲ್ಲ, ಅಷ್ಟೇ."

ಫೋನ್ ಬಂದದ್ದು ಒಂದು ಬೆಳಿಗ್ಗೆ. ಡ್ರೈವರ್ ಫೋನನ್ನು ಇನ್ಯಾರಿಗೋ ಕೊಟ್ಟ. ಭಾಂಡುಪ್‌ನ ಷೆಡ್ಡಿನಲ್ಲಿ, ಮದರ್ ಸುಪೀರಿಯರ್‌ಳನ್ನು ಸ್ಟಾರ್ಟ್ ಮಾಡಲು ಸೀಟಿಗೆ ಹತ್ತಿ ಕೂತವನು ಕೀಲಿ ತಿರುಗಿಸಲಿಲ್ಲವಂತೆ. ನಾನು ಹೋಗುವ ಹೊತ್ತಿಗೆ ಆಸ್ಪತ್ರೆಯವರು ಎಲ್ಲ ಮುಗಿಸಿ ಬಿಳಿ ಬಟ್ಟೆ ಹೊದಿಸಿದ್ದರು. ಹಾರ್ಟು ಬಹಳ ಹಿಂದಿನಿಂದಲೇ ದುರ್ಬಲವಾಗಿತ್ತು, ಮನೆಯವರಿಗೆ ಗೊತ್ತಿರಲಿಲ್ಲವೇ ಎಂದು ಡಾಕ್ಟರ್ ಕೇಳಿದರು. ನಾನು ಅವನ ಹಣೆಯ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ಅಭ್ಯಾಸಬಲ ನೋಡಿ, ನನ್ನ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಕೇಳಲು ಏನೂ ಇರಲಿಲ್ಲ...

ಅಳು ಬರಲಿಲ್ಲ. ಬಂದದ್ದು ಸಿಟ್ಟು. ಹೇಳಿ ಹೋಗು ಎಂದಿದ್ದೆನಲ್ಲ, ಅದೊಂದನ್ನೇ ಕೇಳಿದ್ದೆನಲ್ಲ ಎಂಬ ಸಿಟ್ಟು. ವೈಕುಂಠ ಸಮಾರಾಧನೆ ಆದ ಮಾರನೆಯ ದಿನ ಡ್ರೈವರ್ ಗಾಡಿಯ ಕೀಲಿ ಒಪ್ಪಿಸಲು ಬಂದ. ಕೆಳಗೆ ಗಾಡಿ ನಿಂತದ್ದು ಕೇಳಿತ್ತು, ಎಷ್ಟು ಹೊತ್ತಾದರೂ ಮೇಲೆ ಬರಲಿಲ್ಲ. ನಾನೇ ಬಾಗಿಲು ತೆಗೆದು ಇಣುಕಿದರೆ, ಅರ್ಧ ಮಹಡಿ ಕೆಳಗೆ, ಮೆಟ್ಟಿಲು ತಿರುಗುವ ಜಾಗದಲ್ಲಿ, ಗೋಡೆಗೆ ಮುಖ ಮಾಡಿ ನಿಂತಿದ್ದ.

"ಯಾಕಪ್ಪಾ, ಬಾ ಮೇಲೆ."

"ಅಮ್ಮಾರ, ಸಾವ್ಕಾರ್ರು ಇಲ್ಲೇ ನಿಂದ್ರತಿದ್ರು ನೋಡ್ರಿ" ಎಂದ. "ಈ ಗ್ವಾಡಿಗೆ ಕೈ ಹಚ್ಚಿ. ಭಾಳ ದಮ್ಮ ಹತ್ತತಿತ್ತು ಅವರಿಗೆ. ನಾ ಚೀಲ ಹಿಡಕೊಂಡು ಹಿಂದ ನಿಂತಿರತಿದ್ದೆ. ಮ್ಯಾಲ ಹೋಗೂಣೇನ್ರಿ ಅಂದ್ರ, ತಡಿಯಪಾ, ಎಂಜಿನ್ ಇನ್ನೂ ಬಿಸಿ ಆಗಿಲ್ಲ ಅಂತ ನಗತಿದ್ರು. ದಮ್ಮ ಇಳದು, ಮಾರಿ ಒರಸ್ಕೊಂಡು, ಆಮ್ಯಾಲೇ ಬೆಲ್ ಒತ್ತತಿದ್ರು. ಅಮ್ಮಾರ ಮುಂದ ಹೇಳಿದ್ರ ಕೆಲಸದಾಗ ಇಟ್ಕೊಳ್ಳಂಗಿಲ್ಲ ಅಂದಿದ್ರು ನನಗ."

ನಾನು ಇಳಿದು ಹೋಗಿ ನೋಡಿದೆ. ನನ್ನ ತಲೆಗಿಂತ ಸ್ವಲ್ಪ ಮೇಲೆ, ತಿಳಿಹಸಿರು ಗೋಡೆಯ ಮೇಲೆ, ಒಂದು ಅಂಗೈಯಗಲ ಕಂದು ಬಣ್ಣ. ಎಷ್ಟೋ ಭಾನುವಾರಗಳ ಕಲೆ. ದಿನವೂ ಅದರ ಪಕ್ಕದಲ್ಲೇ ಹತ್ತಿ ಇಳಿದಿದ್ದೆ. ಬಿಸಿ ಮಾಡಿಟ್ಟ ಬಾನೆಟ್ ಮುಟ್ಟಿ ಮಾತಾಡದೆ ಹೊರಟುಬಿಡುತ್ತಿದ್ದವನು, ಪ್ರತಿ ವಾರ ತನ್ನನ್ನೇ ಬಿಸಿ ಮಾಡಿಕೊಂಡು ನನ್ನೆದುರು ಬಂದು ನಿಲ್ಲುತ್ತಿದ್ದ. ಒಳ್ಳೆಯ ಸ್ವರದಲ್ಲಿ. ನನ್ನ ಕಿವಿ ಎಂಥದ್ದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅದಕ್ಕೇ ಅಲ್ಲಿ ನಿಲ್ಲುತ್ತಿದ್ದ. ಆ ಸಂಜೆ ನನಗೆ ಅಳು ಬಂತು.

ಗಾಡಿಯನ್ನು ಡ್ರೈವರ್‌ಗೇ ಬಿಟ್ಟೆ. ಮರುದಿನ ಊಟದ ಟೇಬಲ್ಲಿನ ಒಂದು ಕುರ್ಚಿ ತೆಗೆದುಕೊಂಡು ಹೋಗಿ ಆ ಕಲೆಯ ಕೆಳಗೆ ಇಟ್ಟೆ. ಸೊಸೈಟಿಯ ಸೆಕ್ರೆಟರಿ ಬಂದು, "ಆಂಟೀ, ಪ್ಯಾಸೇಜ್ ಬ್ಲಾಕ್ ಹೋತಾ ಹೈ" ಎಂದರು. "ಯಾರಿಗಾದರೂ ದಮ್ಮು ಹತ್ತಿದರೆ ಕೂರಲಿ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ನನ್ನ ಮುಖ ನೋಡಿ ಅವರು ಮತ್ತೆ ಕೇಳಲಿಲ್ಲ. ಬಿಲ್ಡಿಂಗಿಗೆ ಬಣ್ಣ ಹೊಡೆಸಿದಾಗ ಆ ಗೋಡೆಯ ಆ ಒಂದು ತುಂಡನ್ನು ಹಾಗೇ ಬಿಡುವಂತೆ ಮಾಡಿದ್ದೂ ಅದೇ ಮುಖ ಇರಬೇಕು. ಹಾಲಿನವನು ಅಲ್ಲಿ ಕೂರುತ್ತಾನೆ. ಪಕ್ಕದ ಮನೆಯವರು ಮಾರ್ಕೆಟ್ಟಿನಿಂದ ಬಂದು ಕೂರುತ್ತಾರೆ. ನಾನು ಮಾತ್ರ ಇವತ್ತಿನವರೆಗೂ ಕೂತಿರಲಿಲ್ಲ.

ಈಗ ನನ್ನ ಕಿವಿಯೂ ಹೋಗುತ್ತಿದೆ. ಮಗಳು ಟೆಸ್ಟ್ ಮಾಡಿಸಿದಳು. ಮೇಲಿನ ಸ್ವರಗಳು ಮೊದಲು ಹೋಗುತ್ತವಂತೆ, ಕೆಳಗಿನವು ಉಳಿಯುತ್ತವಂತೆ. ಕೋಗಿಲೆ ಹೋಯಿತು, ಕಾಲಿಂಗ್ ಬೆಲ್ ಹೋಯಿತು, ಮೊಮ್ಮಗಳು ಫೋನಿನಲ್ಲಿ ನಗುವುದು ಹೋಯಿತು. ಡೀಸೆಲ್ ಉಳಿದಿದೆ. ದೇವರ ಲೆಕ್ಕಾಚಾರ ನನಗೆ ತಿಳಿಯುವುದಿಲ್ಲ.

ಹನ್ನೊಂದರ ಹೊತ್ತಿಗೆ ಸಾಮಾನೆಲ್ಲ ಇಳಿಯಿತು. ಬರುವ ಪಾಸಿಂಗಿನಲ್ಲಿ, ಅಂದರೆ ಗಾಡಿಯ ಫಿಟ್‌ನೆಸ್ ಪರೀಕ್ಷೆಯಲ್ಲಿ, ಮದರ್ ಸುಪೀರಿಯರ್ ಪಾಸಾಗುವುದಿಲ್ಲ, ಆರ್‌ಟಿಒ ಒಪ್ಪುವುದಿಲ್ಲ, ಇದೇ ಆಕೆಯ ಕೊನೆಯ ವರ್ಷ ಎಂದು ಡ್ರೈವರ್ ಹಗ್ಗ ಬಿಗಿಯುತ್ತ ಹೇಳಿದ. ಪಂಥದಲ್ಲಿ ಆಕೆಯೇ ಗೆದ್ದಳು. ಕೇಳಿಸಿಕೊಳ್ಳಬೇಕಾದ ಅಣ್ಣತಮ್ಮಂದಿರು ಇಬ್ಬರೂ ಇಲ್ಲ. ಕುರ್ಚಿಯೊಂದು ಉಳಿದಿತ್ತು.

"ಇದನ್ನ ಒಯ್ಯೂದೇನ್ರಿ ಅಮ್ಮಾರ?"

"ಅಲ್ಲಿ ಲಿಫ್ಟ್ ಇದೆಯಪ್ಪ" ಎಂದೆ. ಆಮೇಲೆ, "ಇರಲಿ, ತಡಿ" ಎಂದೆ.

ಅವನು ಮನೆಯೊಳಗೆ ಹೋಗಿ ನಲ್ಲಿಗಳನ್ನು ಭದ್ರಮಾಡುತ್ತಿದ್ದಾಗ ನಾನು ಅರ್ಧ ಮಹಡಿ ಇಳಿದು ಮೊದಲ ಸಲ ಆ ಕುರ್ಚಿಯಲ್ಲಿ ಕೂತೆ. ಅಡುಗೆಮನೆಯ ಇನ್ನೊಂದು ಚಿಕ್ಕ ಕಿಟಕಿ ಮೆಟ್ಟಿಲ ಕಡೆಗೆ ಇದೆ. ಅವನು ಒಳಗೆ ನಲ್ಲಿ ತಿರುಗಿಸಿದ್ದು, ಚಪ್ಪಲಿ ಎಳೆದದ್ದು, ಈ ಹೋಗುತ್ತಿರುವ ಕಿವಿಗೂ ಪಕ್ಕದಲ್ಲೇ ಇದ್ದಂತೆ ಕೇಳಿತು. ಹಾಗಾದರೆ ಆ ಭಾನುವಾರಗಳಲ್ಲಿ ನಾನು ಫಿಲ್ಟರ್ ತಟ್ಟುವುದು, ಪಾತ್ರೆಗಳ ಜೊತೆ ಜಗಳವಾಡುವುದು, ಒಬ್ಬಳೇ ಆಲ್ಟೋ ಗುನುಗುವುದು ಎಲ್ಲ ನನ್ನ ಮೈದುನನಿಗೆ ಇಲ್ಲಿ ಕೇಳುತ್ತಿತ್ತು. ಗೋಡೆಗೆ ಕೈ ಕೊಟ್ಟು, ಉಸಿರು ಹಿಡಿದು, ನನ್ನನ್ನು ಕೇಳಿಕೊಂಡು ನಿಂತಿರುತ್ತಿದ್ದ. ಅವನಿಗೆ ನಾನು ಪೂರ್ತಿ ಕೇಳಿಸಿದ್ದೇನೆ. ನನಗೆ ಅವನು...

ಡ್ರೈವರ್ ನನ್ನನ್ನು ದಾಟಿ ಕೆಳಗೆ ಹೋಗಿ ಗಾಡಿ ಸ್ಟಾರ್ಟ್ ಮಾಡಿದ. ನಾನು ಎದ್ದೆ. ಕೈ ಮೇಲೆತ್ತಿ ಆ ಕಂದು ಕಲೆಯ ಮೇಲೆ ನನ್ನ ಅಂಗೈ ಇಟ್ಟೆ. ಗೋಡೆ ತಣ್ಣಗಿತ್ತು. ಕುರ್ಚಿಯನ್ನು ಒಯ್ಯಬಹುದು, ಇದನ್ನು ಯಾವ ಗಾಡಿಯಲ್ಲಿ ಹೇರಲಿ.

"ಅಮ್ಮಾರ, ಯಾಕ್ರೀ ನಿಂತ್ರಿ? ಗಾಡಿ ಚಾಲೂ ಐತ್ರಿ" ಎಂದು ಕೆಳಗಿನಿಂದ ಕೂಗಿದ.

"ಉಸಿರು ತಗೊಳ್ತಾ ಇದೀನಪ್ಪ."

"ತಗೋರಿ, ತಗೋರಿ. ನಾ ನಿಂತಿರತೀನಿ."

ಇಷ್ಟೇ ಮಾತು. ಹೇಳಿದೆ, ಅವನು ನಿಂತ. ಇಷ್ಟು ಸುಲಭ ಇತ್ತಲ್ಲೋ, ಮಗು...

ಕೆಳಗೆ ಮದರ್ ಸುಪೀರಿಯರ್ ನನ್ನ ಪಾತ್ರೆ ಪಡಗಗಳನ್ನೆಲ್ಲ ಹೊತ್ತುಕೊಂಡು ನಡುಗುತ್ತ ನಿಂತಿದ್ದಳು. ಮೆಟ್ಟಿಲ ತುಂಬ ಆ ಸದ್ದು ಏರಿ ಬರುತ್ತಿತ್ತು. ಕಣ್ಣು ಮುಚ್ಚಿ ಕೇಳಿದೆ. ಮೂರನೆಯವಳು ಮತ್ತೆ ಅರ್ಧ ಬೀಟ್ ಲೇಟು. ಮೆಟ್ಟಿಲ ಕೆಳಕ್ಕೆ ಬಗ್ಗಿ ಹೇಳಲು ಬಾಯಿ ತೆರೆದೆ. ಯಾರಿಗೆ ಹೇಳಲಿ.